ಅರ್ಧ ಮಡಚಿದ ಚಾಕು

ಬೆಳಗಿನ ಆರೂವರೆ ಬಸ್ಸು ಹೆಮ್ಮರಗಾಲದ ಹತ್ತಿರ ನಾಲೆ ಏರಿಯ ಮೇಲೆ ಗಕ್ಕನೆ ನಿಂತಿತು. ಡ್ರೈವರ್ ಚಿಕ್ಕಬಸಪ್ಪ ಮುಂದಕ್ಕೆ ಕೈ ತೋರಿಸಿದ. ಕಂಡಕ್ಟರ್ ಸಂಘಮಿತ್ರಾ ಇಳಿದು ನೋಡಿದಳು.

ಸರ್ವೇಯರ್ ಪುಟ್ಟಸ್ವಾಮಿ ಬೋರಲು ಬಿದ್ದಿದ್ದ. ಬೆನ್ನ ಮೇಲೆ ಅಂಗಿ ರಕ್ತದಲ್ಲಿ ಗಟ್ಟಿಯಾಗಿತ್ತು. ಮೈ ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು. ಮೊಳದಾಚೆ ಒಂದು ಮಡಚುವ ಚಾಕು ಬಿದ್ದಿತ್ತು. ಅಲಗು ಪೂರ್ತಿ ತೆರೆದಿರಲಿಲ್ಲ, ಪೂರ್ತಿ ಮುಚ್ಚಿರಲೂ ಇಲ್ಲ. ಹಸಿರು ಹಿಡಿ. ಹಿಡಿಯ ತುದಿಗೆ ಕೆಂಪು ದಾರ. ಆ ದಾರ ಹೆಣೆದು ಕಟ್ಟಿಕೊಟ್ಟವಳು ಸಂಘಮಿತ್ರಾಳೇ.

ಅದು ತಮ್ಮ ನಾಗೇಂದ್ರನ ಚಾಕು.

ಎತ್ತಿ ನಾಲೆಗೆ ಎಸೆದುಬಿಡಬಹುದಿತ್ತು. ಎಸೆಯಲಿಲ್ಲ. ಪೊಲೀಸರು ಬಂದು, ಇದು ಯಾರದೆಂದು ಗೊತ್ತೇ ಎಂದು ಕೇಳಿದಾಗ ಸುಳ್ಳಿಗೆ ನಾಲಿಗೆಯೂ ಹೊರಳಲಿಲ್ಲ.

"ನನ್ ತಮ್ಮಂದು ಸಾ," ಅಂದಳು.

ಒಂಬತ್ತು ಗಂಟೆಗೆಲ್ಲ ನಾಗೇಂದ್ರನನ್ನು ತಿ. ನರಸೀಪುರದ ಮನೆಯಿಂದ ಜೀಪು ಹತ್ತಿಸಿದ್ದರು.

*

"ನಾಲ್ಕು ಗಂಟೆಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ತೀವಿ," ಠಾಣೆಯಲ್ಲಿ ಸಂಘಮಿತ್ರಾಳಿಗೆ ಅಂದ ನಂಜನಗೂಡಿನ ಸಬ್‌ಇನ್‌ಸ್ಪೆಕ್ಟರ್ ನಂಜೇಶ್. "ಆಮೇಲೆ ಜೈಲು. ಕೆಲಸದಿಂದಲೂ ಸಸ್ಪೆಂಡ್."

"ಅವ್ನು ಫೈರ್ ಸ್ಟೇಷನ್ನೋನು ಸಾ. ಜನ್ರ ಜೀವ ಉಳಿಸೋನು."

"ಮೊನ್ನೆ ನರಸೀಪುರದ ಬಸ್‌ಸ್ಟ್ಯಾಂಡಲ್ಲಿ ಪುಟ್ಟಸ್ವಾಮಿ ಕಾಲರ್ ಹಿಡಿದವನೂ ಅವನೇ."

ಅದು ಸುಳ್ಳಲ್ಲ. ಅಕ್ಕ ತಮ್ಮಂದಿರ ಹುಟ್ಟೂರು ಹೆಮ್ಮರಗಾಲ. ಅಲ್ಲಿ ಅವರ ಜನರ ಸ್ಮಶಾನ ಒತ್ತುವರಿಯಾಗಿತ್ತು. ಗಡಿ ಅಳೆದು ಹದ್ದುಬಸ್ತು ಮಾಡಿ ಗಡಿಕಲ್ಲು ನೆಡಬೇಕಾದ ಸರ್ವೇಯರ್ ನಾಲ್ಕು ಸಲ ದಿನ ಕೊಟ್ಟು ಕೈಕೊಟ್ಟಿದ್ದ. ನಾಗೇಂದ್ರನಿಗೆ ರೇಗಿತ್ತು.

"ಚಾಕು ಏಳು ದಿನದ ಹಿಂದೆ ಕಳೆದುಹೋಯ್ತಂತೆ," ನಂಜೇಶ್ ತುಟಿ ಕೊಂಕಿಸಿದ. "ಹೆಮ್ಮರಗಾಲದ ಗುರುಪ್ರಸಾದ್ ತೋಟದ ಬಾವಿಗೆ ಹಸು ಬಿದ್ದಿತ್ತಂತೆ. ಎತ್ತಲು ಹೋದಾಗ ಹಗ್ಗ ಕೊಯ್ದು ಅಲ್ಲೇ ಬಿಟ್ಟು ಬಂದನಂತೆ. ನಿಮಗೆ ಹೇಳಿದ್ನಾ?"

"ಇಲ್ಲ ಸಾ."

ಹೇಳಿರಲಿಲ್ಲ. ಹೇಳಿದ್ದರೆ ಅವಳು ಬೈಯದೆ ಬಿಡುತ್ತಿರಲಿಲ್ಲ. ಆ ಚಾಕು ಆರಿಸಲು ಮಹರಾಯ ಏಳು ತಿಂಗಳು ತೆಗೆದುಕೊಂಡಿದ್ದ. ಹೆಣ್ಣು ನೋಡಲೂ ಯಾರೂ ಅಷ್ಟು ಸತಾಯಿಸುವುದಿಲ್ಲ. ಕಾರಣವಿತ್ತು. ಹೋದ ವರ್ಷ ಕಪಿಲೆಯ ಸ್ನಾನಘಟ್ಟದಲ್ಲಿ ಹೆಂಗಸೊಬ್ಬಳ ಸೆರಗು ನೀರಿನಡಿ ಹಗ್ಗಕ್ಕೆ ಸುತ್ತಿಕೊಂಡಿತ್ತು. ನಾಗೇಂದ್ರನ ಹಳೇ ಚಾಕು ತೆರೆಯಲು ಎರಡು ಕೈ ಬೇಕಿತ್ತು. ಒಂದು ಕೈಯಲ್ಲಿ ಅವಳನ್ನು ಹಿಡಿದಿದ್ದ. ಚಾಕು ತೆರೆಯುವಷ್ಟರಲ್ಲಿ ಅವಳ ಉಸಿರು ನಿಂತಿತ್ತು.

ಅಂದಿನಿಂದ ಮುದ್ದೆ ಮುರಿಯುವಾಗಲೂ ಅದೇ ಪುರಾಣ. ಒಂದೇ ಕೈಯಲ್ಲಿ ತೆರೆಯಬೇಕು. ನೀರಿಗೆ ತುಕ್ಕು ಹಿಡಿಯಬಾರದು. ದಿನವೂ ಜೇಬಿನಲ್ಲಿ ಕೂರಬೇಕು, ಅದಕ್ಕೆ ಗಟ್ಟಿ ಕ್ಲಿಪ್ ಇರಬೇಕು. ತೆರೆದ ಅಲಗು ತಾನಾಗಿ ಮಡಚಿ ಬೆರಳು ತೆಗೆಯಬಾರದು, ಅದಕ್ಕೆ ಲಾಕ್ ಬೇಕು. ಹಿಡಿಯೊಳಗಿನ ತೆಳುಪಟ್ಟಿಯನ್ನು ಹೆಬ್ಬೆರಳಲ್ಲಿ ಪಕ್ಕಕ್ಕೆ ತಳ್ಳಿದರೆ ಮಾತ್ರ ಅಲಗು ಮಡಚುವುದು. ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು.

ತಟ್ಟನೆ ಅವಳು ತಲೆ ಎತ್ತಿದಳು.

"ಸಾ, ಚಾಕು ಅರ್ಧ ಮಡಚಿತ್ತು. ಯಾಕೆ?"

"ಯಾಕೆ ಅಂದ್ರೆ?"

"ನನ್ ತಮ್ಮ ಅದನ್ನ ಕಣ್ಮುಚ್ಕಂಡು ಒಂದೇ ಕೈಲಿ ಮಡಚ್ತಾನೆ. ಇದು ಯಾರೋ ಲಾಕ್ ಗೊತ್ತಿಲ್ದೋರು. ಎಡಗೈಲಿ ಹಿಡಿ ಹಿಡ್ಕಂಡು ಬಲಗೈಲಿ ಅಲಗಿನ ಬೆನ್ನು ಅದುಮವ್ರೆ. ಮಡಚ್ನಿಲ್ಲ. ಜೋರಾಗಿ ಅದುಮುವಾಗ ಹೆಬ್ಬೆರಳು ಪಟ್ಟಿಗೆ ತಗುಲಿರ್ತದೆ. ಅಲಗು ರಪ್ ಅಂತ ಬೆರಳ ಮ್ಯಾಲೆ ಬಿದ್ದದೆ. ಹಿಡಿ ಒಳಗಿನ ಸಂದೀಲಿ ರಕ್ತ ಇತ್ತಾ ಸಾ?"

ನಂಜೇಶ್ ಫೋಟೊ ತೆರೆದು ನೋಡಿದ. "ತುಂಬಾ ಇದೆ."

"ನನ್ ತಮ್ಮನ ಬೆರಳು ನೋಡಿ."

ನೋಡಿದರು. ಒಂದು ಗೀರೂ ಇರಲಿಲ್ಲ.

"ಇದೊಂದರಿಂದಲೇ ಬಿಡೋಕಾಗಲ್ಲಮ್ಮ," ಅಂದ ನಂಜೇಶ್. ಆದರೆ ದನಿ ಇಳಿದಿತ್ತು. "ಕೊಯ್ದ ಕೈ ಯಾರದ್ದು ಅಂತ ಗೊತ್ತಾದ್ರೆ ಫೋನ್ ಮಾಡಿ. ನಾಲ್ಕರ ಒಳಗೆ."

*

ಹೆಮ್ಮರಗಾಲದಲ್ಲಿ ಗುರುಪ್ರಸಾದನ ತೋಟದಾಳು ಸಣ್ಣಯ್ಯ ಬಾಳೆ ಬುಡ ಸವರುತ್ತಿದ್ದ. ಕೈಗೆ ಬಟ್ಟೆ ಸುತ್ತಿತ್ತು. ಸಂಘಮಿತ್ರಾ ಅವನ ಹತ್ತಿರಕ್ಕೆ ಓಡಿದಳು.

"ಬಿಚ್ಚಣ್ಣೋ. ನೋಡ್ಬೇಕು."

"ಅಸ ಎಳೆಯೋವಾಗ ಅಗ್ಗ ಉಜ್ಜೋಯ್ತು ಕಣವ್ವ," ಎನ್ನುತ್ತ ಬಿಚ್ಚಿದ. ಬಲಗೈ. ಅಂಗೈ ಚರ್ಮ ಸುಲಿದು ಒಣಗುತ್ತಿತ್ತು. ಕೊಯ್ದ ಗಾಯವೇ ಅಲ್ಲ.

"ಆವತ್ತು ನನ್ ತಮ್ಮನ ಚಾಕು ಕಂಡ್ಯಾ?"

"ಬಾವಿ ಕಟ್ಟೆ ಮ್ಯಾಲಿತ್ತು. ಸಂಜೆ ನೋಡುದ್ರೆ ಇರ್ನಿಲ್ಲ. ಅರ್ಧ ಊರೇ ಸೇರಿತ್ತಲ್ಲ, ಯಾರಂತ ಏಳಾನೆ?"

ಗಂಟೆ ಒಂದಾಗಿತ್ತು. ಊರಿನ ಕೈಗಳನ್ನೆಲ್ಲ ಬಿಚ್ಚಿಸಿ ನೋಡಲು ಅವಳೇನು ಪೊಲೀಸಿನವಳೇ? ತನ್ನ ಬಾಯಿಂದಲೇ ತಮ್ಮನನ್ನು ಹಿಡಿದುಕೊಟ್ಟಿದ್ದಳು. ಬಿಡಿಸುವ ದಾರಿ ಕಾಣಲಿಲ್ಲ. ಗುರುಪ್ರಸಾದನ ಮನೆ ಜಗಲಿಯ ಅಂಚಿಗೆ ಕೂತು ಗಳಗಳನೆ ಅತ್ತಳು.

ಗುರುಪ್ರಸಾದನ ತಾಯಿ ಚನ್ನಬಸಮ್ಮ ನೀರು ತಂದಿಟ್ಟಳು. "ಅಳಬ್ಯಾಡ ಕಣವ್ವ. ನಮ್ ಮನೇಲೂ ನೆಮ್ಮದಿ ಇಲ್ಲ. ಮಗ ನೆನ್ನೆ ರಾತ್ರೀಲಿಂದ ಅನ್ನ ಮುಟ್ಟಿಲ್ಲ. ಈಗ ಪೂಜೆಗೆ ಕುಂತವ್ನೆ."

ಒಳಬಾಗಿಲು ತೆರೆದಿತ್ತು. ಗುರುಪ್ರಸಾದ್ ಮಣೆಯ ಮೇಲೆ ಕೂತಿದ್ದ. ಮುಂದೆ ಹಿತ್ತಾಳೆ ತಟ್ಟೆ. ತಟ್ಟೆಯ ಮೇಲೆ ಇಷ್ಟಲಿಂಗ. ಬಲಗೈಯಲ್ಲಿ ಬಿಲ್ವಪತ್ರೆ ಏರಿಸುತ್ತಿದ್ದ. ಎಡಗೈ ಶಲ್ಯದೊಳಗಿತ್ತು.

ಸಂಘಮಿತ್ರಾಳ ಅಳು ನಿಂತಿತು. ಶಾಲೆಯಲ್ಲಿ ಓರಗೆಯವಳಾಗಿದ್ದ ಶ್ವೇತಳ ಮನೆ ಜಗಲಿಯಿಂದ ಅವಳ ತಾತನ ಪೂಜೆಯನ್ನು ಎಷ್ಟು ಸಲ ನೋಡಿರಲಿಲ್ಲ? ಲಿಂಗವನ್ನು ತಟ್ಟೆಯಲ್ಲಿ ಯಾಕೆ ಇಡುವುದಿಲ್ಲ ಎಂದು ಒಮ್ಮೆ ಕೇಳಿದ್ದಳು. ಎಡದ ಅಂಗೈಯೇ ಪೀಠ ಕಣ್ ಮಗ, ಬೇರೆ ಪೀಠ ಯಾಕೆ ಅಂದಿದ್ದರು ತಾತ.

"ಅಮ್ಮೋರೇ," ಮೆಲ್ಲಗೆ ಕೇಳಿದಳು. "ಲಿಂಗವ ತಟ್ಟೇಲಿ ಇಟ್ಟವ್ರಲ್ಲಾ?"

ಚನ್ನಬಸಮ್ಮ ತಿರುಗಿ ನೋಡಿದಳು. ಮುಖದ ಬಣ್ಣ ಇಳಿಯಿತು.

ಸಂಘಮಿತ್ರಾ ತೋಟದ ಬೇಲಿಯ ತನಕ ಓಡಿ ನಂಜೇಶನಿಗೆ ಫೋನ್ ಮಾಡಿದಳು.

*

ಎರಡೂವರೆಗೆ ಜೀಪು ಬಂತು.

"ಎಡಗೈ ತೋರಿಸಿ," ಅಂದ ನಂಜೇಶ್.

ಗುರುಪ್ರಸಾದ್ ನಕ್ಕ. "ಬಾಳೆಗೊನೆ ಕಡಿಯುವಾಗ ಮಚ್ಚು ತಗುಲ್ತು ಸಾರ್."

ಕಟ್ಟು ಬಿಚ್ಚಿಸಿದರು. ನಾಲ್ಕು ಬೆರಳ ಒಳಮೈಯಲ್ಲಿ ಒಂದೇ ನೇರಕ್ಕೆ ನಾಲ್ಕು ಗಾಯ.

"ಮಚ್ಚು ಬೆರಳ ಬೆನ್ನಿಗೆ ಬೀಳ್ತದೆ ಸಾ," ಅಂದಳು ಸಂಘಮಿತ್ರಾ. "ಒಳಗೆ ಸಾಲಾಗಿ ಕುಯ್ಯೋದು ಮಡಚೋ ಚಾಕು."

"ಯಾವಳೋ ಹೇಳಿದ್ಲು ಅಂತ ಮನೆಗೆ ನುಗ್ಗಿದ್ದೀರಾ?" ಗುರುಪ್ರಸಾದ್ ದನಿ ಏರಿಸಿದ.

"ಪುಟ್ಟಸ್ವಾಮಿ ಬ್ಯಾಗಲ್ಲಿ ಅಳತೆಯ ನೋಟಿಸ್ ಸಿಕ್ಕಿದೆ," ಅಂದ ನಂಜೇಶ್. "ಬೆಳಿಗ್ಗೆ ಅದಕ್ಕೆ ನಾನು ಬೆಲೆ ಕೊಡಲಿಲ್ಲ. ಅಳತೆ ಇವತ್ತೇ ಇತ್ತು. ಅಳತೆ ಆಗ್ಲಿ ಅಂತ ಕಾಲರ್ ಹಿಡಿದವನು ಹಿಂದಿನ ಸಂಜೆ ಸರ್ವೇಯರನ್ನ ಕೊಂದಾನಾ? ಸ್ಮಶಾನದ ಮೇಲೆ ಯಾರ ಬಾಳೆ ನಿಂತಿದೆ ಅಂತ ಈಗ ನೋಡ್ಕೊಂಡು ಬಂದೆ. ನಿಮ್ಮದು. ಚಾಕು ಸಂದಿಯ ರಕ್ತ ಪರೀಕ್ಷೆಗೆ ಹೋಗಿದೆ, ಯಾರದ್ದು ಅಂತ ಹೇಳುತ್ತೆ."

ಗುರುಪ್ರಸಾದ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಚನ್ನಬಸಮ್ಮ ಒಳಗಿನಿಂದ ಲಿಂಗ ತಂದು ಮಗನ ಮುಂದೆ ಹಿಡಿದಳು.

"ಇಸ್ಕೊ. ಎಡಗೈಲಿ ಇಟ್ಕಂಡು ಹೇಳು ಮಗ, ನಾ ಮಾಡ್ನಿಲ್ಲ ಅಂತ. ನಾನು ನಂಬ್ತೀನಿ."

ಗುರುಪ್ರಸಾದ್ ತಾಯಿಯ ಕೈ ನೋಡಿದ. ತನ್ನ ಕೈ ನೋಡಿಕೊಂಡ. ಕುಸಿದು ಕೂತ.

"ಅಳತೆ ಇನ್ನೊಂದ್ಸಲ ಮುಂದೂಡು ಅಂದೆ ಕಣವ್ವ. ಹಳೇ ಗಡಿಕಲ್ಲು ನೋಡ್ಕಂಡು ಹೋಗೋಕೆ ಸಂಜೆ ಬಂದಿದ್ದ. ಇನ್ನಾಗಲ್ಲ ಅಂದ. ಬಾವಿ ಕಟ್ಟೇಲಿ ಸಿಕ್ಕಿದ್ ಚಾಕು ಜೇಬಲ್ಲೇ ಇತ್ತು. ಮಡಚಿ ಇಟ್ಕಳಾನ ಅಂದ್ರೆ ಕೈ ಕುಯ್ತು. ಯಾರೋ ಬರೋ ಸದ್ದಾಯ್ತು, ಓಡ್ದೆ."

ಚನ್ನಬಸಮ್ಮ ಗೋಡೆಗೆ ಒರಗಿ ನಿಂತಳು. ಅವಳ ಮುಖ ನೋಡಲು ಸಂಘಮಿತ್ರಾಳಿಗೆ ಆಗಲಿಲ್ಲ.

*

ಐದು ಗಂಟೆಗೆ ನಾಗೇಂದ್ರ ಠಾಣೆಯಿಂದ ಹೊರಬಂದ. ಕೆನ್ನೆ ಊದಿತ್ತು. ಬಸ್‌ಸ್ಟ್ಯಾಂಡಿನವರೆಗೂ ಅಕ್ಕನಿಂದ ಎರಡು ಹೆಜ್ಜೆ ಹಿಂದೆ ನಡೆದ.

"ಅಕ್ಕ," ಅಲ್ಲಿ ನಿಂತು ಕೇಳಿದ. "ಚಾಕು ಕಂಡಾಗ ಏನನ್ನಿಸ್ತು? ನಾನೇ ಮಾಡಿರ್ಬೋದು ಅಂತಾನಾ?"

ಬೆಳಗ್ಗೆ ಪೊಲೀಸರ ಮುಂದೆ ಹೊರಳದ ಸುಳ್ಳು ಈಗಲೂ ಹೊರಳಲಿಲ್ಲ. "ಒಂದ್ ಗಳಿಗೆ ಅನ್ನಿಸ್ತು ಕಣೋ."

ಅವನು ತಲೆ ಆಡಿಸಿದ. ನರಸೀಪುರದ ಬಸ್ಸು ಬಂತು. ನಾಗೇಂದ್ರ ಮೊದಲು ಹತ್ತಿ, ಒಬ್ಬ ಮುದುಕನ ಪಕ್ಕ ಒಬ್ಬರೇ ಕೂರುವಷ್ಟಿದ್ದ ಜಾಗದಲ್ಲಿ ಕೂತ. ಹಿಂದೆ ಇಬ್ಬರು ಕೂರುವ ಎಷ್ಟೋ ಸೀಟು ಖಾಲಿಯಿದ್ದವು.