ರಾಣಿಯ ಮೀಸೆ

"ಪುಸ್ತಕ ನೀವು ಹೇಳಿದ ಹಾಗಿಲ್ಲ," ಎಂದ ಬಾಗಿಲಲ್ಲಿ ನಿಂತಿದ್ದವನು.

ಭಾನುವಾರದ ಬೆಳಗ್ಗೆ. ಎಣ್ಣೆ ನೀರು ಹಾಕಿಕೊಂಡು ತಲೆಗೆ ಟವೆಲ್ ಸುತ್ತಿಕೊಂಡಿದ್ದ ಧೃತಿ ಬಾಗಿಲು ತೆರೆದಿದ್ದೇ ಈ ಮಾತು. ಅವನ ಕೈಯಲ್ಲಿ ಅವಳೇ ಕಟ್ಟಿ ಕಳಿಸಿದ್ದ ಪಾರ್ಸಲ್ ಇತ್ತು. ಟವೆಲ್ ಸುತ್ತಿಕೊಂಡೇ ಜಗಳಕ್ಕೆ ನಿಲ್ಲಬೇಕಾಯಿತಲ್ಲ ಎಂದು ಅನ್ನಿಸಿದರೂ ಅವಳು ಹಿಂದೆ ಸರಿಯಲಿಲ್ಲ.

ಹಳೆಯ ಕಾಮಿಕ್ಸ್ ಪುಸ್ತಕಗಳನ್ನು ಆನ್‌ಲೈನಿನಲ್ಲಿ ಮಾರುವುದು ಅವಳ ಕೆಲಸ. ಈವರೆಗೆ ಒಂದು ಪುಸ್ತಕವೂ ವಾಪಸ್ ಬಂದಿರಲಿಲ್ಲ. ಹೇಗೆ ಬಂದೀತು? ಬೆನ್ನು ಬಿಟ್ಟಿದ್ದರೆ ಬಿಟ್ಟಿದೆ ಎಂದೇ ಬರೆಯುತ್ತಿದ್ದಳು. ಪಿನ್ನು ತುಕ್ಕು ಹಿಡಿದು ಹಾಳೆಗೆ ಬಣ್ಣ ಇಳಿದಿದ್ದರೆ ಅದರ ಫೋಟೋ ಬೇರೆಯೇ ಹಾಕುತ್ತಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಎಳೆಬಿಸಿಲು ಓರೆಯಾಗಿ ಬೀಳುವಾಗಲೇ ಫೋಟೋ ತೆಗೆಯಬೇಕು. ಆಗ ಒಂದೊಂದು ಮಡಿಕೆಯೂ ಎದ್ದು ಕಾಣುತ್ತದೆ. ಬೇರೆ ಮಾರಾಟಗಾರರು ಮಡಿಕೆ ಕಾಣಬಾರದೆಂದೇ ಟ್ಯೂಬ್‌ಲೈಟಿನ ಕೆಳಗೆ ನೇರವಾಗಿ ಹಿಡಿದು ತೆಗೆಯುತ್ತಾರೆ, ಆಮೇಲೆ ಫೋನಿನಲ್ಲಿ ಬಣ್ಣ ಏರಿಸುತ್ತಾರೆ. ಅವರೆಲ್ಲ ಹಳೆಯ ಪುಸ್ತಕ ಮಾರುವ ಆನ್‌ಲೈನ್ ಗ್ರೂಪಿನಲ್ಲಿ ಇವಳನ್ನು 'ಗಾಯದ ಮೇಡಂ' ಎಂದು ನಗುತ್ತಿದ್ದರು. ಅವರು ನಕ್ಕ ದಿನ ಧೃತಿ ಪುಸ್ತಕದಲ್ಲಿ ಇನ್ನೂ ಒಂದು ಗಾಯ ಹುಡುಕಿ ಫೋಟೋ ಹಾಕುತ್ತಿದ್ದಳು.

ಈ ರೂಢಿ ಅವಳ ಸೋದರತ್ತೆಯ ಗಂಡ ವೆಂಕಟಾಚಲ ಮಾವನದು. ಚಾಮರಾಜಪೇಟೆಯ ಇದೇ ಮನೆಯ ಮುಂದಿನ ಕೋಣೆಯಲ್ಲಿ ಅವರು ಬಾಡಿಗೆ ಪುಸ್ತಕಗಳ ಲೈಬ್ರರಿ ನಡೆಸುತ್ತಿದ್ದರು. ಪುಸ್ತಕ ಕೈಗೆ ಕೊಡುವ ಮುಂಚೆ ಅದರ ಗಾಯಗಳನ್ನೆಲ್ಲ ಎಲ್ಲರ ಎದುರಿಗೆ ಗಟ್ಟಿಯಾಗಿ ಹೇಳಿಬಿಡುವರು. ಮೂಲೆ ಮಡಿಸಿದೆ, ರಟ್ಟಿನ ಮೇಲೆ ಕಾಫಿ ಕಲೆ, ಕೊನೇ ಹಾಳೆ ಹುಳ ತಿಂದಿದೆ. ಒಯ್ದವರು ವಾಪಸ್ ತರುವಾಗ ಹಳೆಯ ಗಾಯಕ್ಕೆ ಬೈಸಿಕೊಳ್ಳಬಾರದಲ್ಲ, ಅದಕ್ಕೆ. ಮಾವ ತೀರಿಕೊಂಡರು, ಲೈಬ್ರರಿ ಮುಚ್ಚಿತು. ಪುಸ್ತಕಗಳೂ ರೂಢಿಯೂ ಧೃತಿಗೆ ಉಳಿದವು.

ಹಾಗಾಗಿ ಅವಳಿಗೆ ಸಿಟ್ಟೇ ಬಂತು. "ಏನು ಹೇಳಿದ ಹಾಗಿಲ್ಲ?"

"ಚೆನ್ನಾಗಿದೆ."

"ಚೆನ್ನಾಗಿದ್ರೆ ಏನ್ ಕಂಪ್ಲೇಂಟು?"

"ಅದೇ ಕಂಪ್ಲೇಂಟು. ಮೀಸೆ ಇಲ್ಲ."

ಆಗ ಅವಳಿಗೆ ಹೊಳೆಯಿತು. ಅವನು ಕೊಂಡಿದ್ದು 'ಏಳು ಬಾವಿಯ ರಾಣಿ' ಎಂಬ ಕಾಮಿಕ್ಸ್. ಒಳಗೆ ರಾಣಿಯ ಚಿತ್ರಕ್ಕೆ ಯಾರೋ ನೀಲಿ ಬಾಲ್‌ಪೆನ್ನಿನಲ್ಲಿ ಹುರಿ ಮೀಸೆ ಬರೆದಿದ್ದರು. ಅದನ್ನೂ ಫೋಟೋ ತೆಗೆದು ಹಾಕಿದ್ದಳು. ಪಾರ್ಸಲ್ ಕಟ್ಟುವ ದಿನ ಅಟ್ಟದ ಮೇಲೆ ಅದೇ ಪುಸ್ತಕದ ಇನ್ನೊಂದು ಪ್ರತಿ ಸಿಕ್ಕಿತು. ಮೀಸೆಯಿಲ್ಲದ್ದು, ಬೆನ್ನು ಗಟ್ಟಿಯಿದ್ದದ್ದು. ಪಾಪ, ಕೊಂಡವರಿಗೆ ಖುಷಿಯಾಗಲಿ ಎಂದು ಅದನ್ನೇ ಕಳಿಸಿದ್ದಳು.

ಹಾಗೆಂದು ಹೇಳಿದಳು. ಅವನು ಕನ್ನಡಕ ಸರಿಮಾಡಿಕೊಂಡು ಅವಳನ್ನೇ ನೋಡಿದ. "ನಾನು ಚೆನ್ನಾಗಿರೋದು ಕೇಳಿರ್ಲಿಲ್ಲ. ಫೋಟೋದಲ್ಲಿ ನೋಡಿದ್ದು ಕೇಳಿದ್ದೆ. ನೋಡಿದ್ದೇ ಬರ್ಬೇಕು ಅಲ್ವಾ ಮೇಡಂ?"

ಯಾವ ಮಾತಿಗಾಗಿ ಧೃತಿ ಇಡೀ ಗ್ರೂಪಿನ ಜೊತೆ ಜಗಳವಾಡಿದ್ದಳೋ ಆ ಮಾತನ್ನು ಒಬ್ಬ ಗಿರಾಕಿ ಅವಳಿಗೇ ಹೇಳುತ್ತಿದ್ದ.

ಒಳಗೆ ಕರೆದು ಕೂರಿಸಿದಳು. ಮೀಸೆಯ ಮೇಲೆ ಅಷ್ಟೇಕೆ ಆಸೆ ಎಂದು ಕೇಳಿದ್ದಕ್ಕೆ ಅವನ ಕಿವಿ ಕೆಂಪಗಾಯಿತು.

"ಅದು ನಂದು," ಎಂದ.

ಅವನ ಹೆಸರು ವಂಶಿ. ಚಿಕ್ಕವನಿದ್ದಾಗ, ಧೃತಿ ಈ ಮನೆಗೆ ಬರುವ ಮುಂಚೆ, ಇದೇ ಬೀದಿಯಲ್ಲಿದ್ದನಂತೆ. ಮೀಸೆ ಬರೆದು ಪುಸ್ತಕ ವಾಪಸ್ ಕೊಟ್ಟಾಗ ಮಾವ ಬೈಯಲಿಲ್ಲವಂತೆ, ದಂಡವನ್ನೂ ಹಾಕಲಿಲ್ಲವಂತೆ. ಆದರೆ ಅಂದಿನಿಂದ ಆ ಪುಸ್ತಕವನ್ನು ಯಾರು ಒಯ್ದರೂ, ರಾಣಿಗೆ ಮೀಸೆ ಇದೆ, ವಂಶಿ ಬರೆದದ್ದು ಎಂದು ಸಾರುತ್ತಿದ್ದರಂತೆ. ಬೀದಿಯ ಹುಡುಗಿಯರೆಲ್ಲ ನಗುತ್ತಿದ್ದುದಕ್ಕೆ ಇವನು ಲೈಬ್ರರಿಯ ಕಡೆ ತಲೆ ಹಾಕುವುದನ್ನೇ ಬಿಟ್ಟ. ಈಗ ಬಸವನಗುಡಿಯಲ್ಲಿ ಅಪ್ಪನ ಕನ್ನಡಕದ ಅಂಗಡಿ ನೋಡಿಕೊಳ್ಳುತ್ತಿದ್ದಾನೆ.

ಧೃತಿ ಒಳಗಿನಿಂದ ಮೀಸೆಯ ರಾಣಿಯನ್ನು ತಂದಳು. ಕಿಟಕಿಯ ಬೆಳಕಿಗೆ ಹಿಡಿದು, ಮಾವನ ಹಾಗೇ ಗಟ್ಟಿಯಾಗಿ ಹೇಳಿದಳು. ಬೆನ್ನು ಅರ್ಧ ಬಿಟ್ಟಿದೆ, ಪಿನ್ನು ತುಕ್ಕು ಹಿಡಿದಿದೆ. ಆಮೇಲೆ ನಗು ತಡೆಯಲು ತುಟಿ ಕಚ್ಚಿಕೊಂಡು, "ರಾಣಿಗೆ ಮೀಸೆ ಇದೆ. ವಂಶಿ ಬರೆದದ್ದು."

ಅವನು ನಕ್ಕ. ಪುಸ್ತಕ ಇಸಿದುಕೊಳ್ಳುವಾಗ ಅವನ ಕಣ್ಣು ಅವಳ ಎಡಗೈ ಮೇಲೆ ನಿಂತಿತು.

ಅವಳ ಎಡಗೈ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ ಬಿಳಿ. ಹೈಸ್ಕೂಲಿನಲ್ಲಿ ಶುರುವಾದ ತೊನ್ನು. ಆ ಕೈಯನ್ನು ನೋಡುವ ಕಣ್ಣುಗಳು ಅವಳಿಗೆ ಚೆನ್ನಾಗಿ ಗೊತ್ತು. ಥಟ್ಟನೆ ಬೇರೆ ಕಡೆ ಜಿಗಿಯುವವು ಕೆಲವು, ಅಯ್ಯೋ ಎಂದು ಅಂಟಿಕೊಳ್ಳುವವು ಕೆಲವು. ಇವನು ಪರಿಚಯದವರು ದಾರಿಯಲ್ಲಿ ಎದುರಾದಂತೆ ನೋಡಿದ.

"ಈ ಕೈ ನಂಗೆ ಗೊತ್ತು," ಎಂದ. "ನಿಮ್ಮ ಎಲ್ಲಾ ಫೋಟೋದಲ್ಲೂ ಹಾಳೆ ಹಿಡ್ಕೊಂಡಿರತ್ತೆ. ಮುಖ ಮಾತ್ರ ಇವತ್ತೇ ನೋಡಿದ್ದು."

ಅವನು ಹೋದ ಮೇಲೆ ಧೃತಿ ಬಾಗಿಲು ಹಾಕಿಕೊಂಡಳು. ತಲೆಯ ಮೇಲಿನ ಟವೆಲ್ ಮತ್ತೆ ನೆನಪಾದದ್ದು ಆಗ.

ಮುಂದಿನ ಭಾನುವಾರ ಮತ್ತೆ ಬಂದ. ಅದರ ಮುಂದಿನದಕ್ಕೂ ಬಂದ. ಮನೆಗೇ ಕಳಿಸುತ್ತೇನೆ ಎಂದರೆ, ಗಾಯ ಕಿವಿಯಾರೆ ಕೇಳದೆ ಪುಸ್ತಕ ಒಯ್ಯುವುದಿಲ್ಲ ಎನ್ನುವನು. ಇಷ್ಟೊಂದು ಹರಿದ ಪುಸ್ತಕ ಓದಿ ಆ ಹುಡುಗನಿಗೆ ಏನಾಗಬೇಕಂತೆ ಎಂದು ಅತ್ತೆ ಭಾಗೀರಥಮ್ಮ ಗೊಣಗುತ್ತಲೇ ಕಾಫಿ ಬೆರೆಸುವರು.

ಒಂದು ದಿನ ಅವಳು ಸಣ್ಣ ಅಕ್ಷರಕ್ಕೆ ಕಣ್ಣು ಕಿರಿದು ಮಾಡಿದ್ದನ್ನು ಕಂಡು, ಮುಂದಿನ ವಾರ ನಾಲ್ಕಾರು ಫ್ರೇಮುಗಳನ್ನು ಜೇಬಿನಲ್ಲಿ ಹಾಕಿಕೊಂಡು ಬಂದ. ಒಂದೊಂದನ್ನೇ ಅವಳ ಮೂಗಿನ ಮೇಲಿಟ್ಟು, ತಲೆ ಓರೆ ಮಾಡಿ ನೋಡಿ, ತೆಗೆದ. ಕೊನೆಯದನ್ನು ಕಿವಿಯ ಹಿಂದೆ ಸಿಕ್ಕಿಸುವಾಗ ಅವನ ಬೆರಳು ನಿಂತಿತು. ಅಲ್ಲೂ ತುಳಸಿ ಎಲೆಯಷ್ಟು ಬಿಳಿ ಇತ್ತು.

"ಇದು ಯಾವ ಫೋಟೋದಲ್ಲೂ ಬಂದಿಲ್ಲ," ಎಂದ ಮೆಲ್ಲಗೆ.

"ಕಿವೀಲಿ ಪುಸ್ತಕ ಹಿಡಿಯಕ್ಕಾಗಲ್ಲ."

ಬೆರಳು ಇನ್ನೂ ಅಲ್ಲೇ ಇತ್ತು. ಅಡುಗೆಮನೆಯಲ್ಲಿ ಅತ್ತೆ ಪಾತ್ರೆಯನ್ನು ಬೇಕೆಂದೇ ಸದ್ದು ಮಾಡಿ ಇಟ್ಟಾಗ ಇಬ್ಬರೂ ಒಟ್ಟಿಗೇ ಹಿಂದೆ ಸರಿದರು.

ಅತ್ತೆ ಕೆಟ್ಟವರಲ್ಲ. ತಾಯಿಯಿಲ್ಲದ ಧೃತಿಯನ್ನು ಮನೆಗೆ ಕರೆತಂದು ಬೆಳೆಸಿದವರೇ ಅವರು. ತನ್ನ ಕಾಲ ಮುಗಿಯುವುದರೊಳಗೆ ಇವಳಿಗೊಂದು ನೆಲೆ ಮಾಡಬೇಕು ಎಂಬುದೊಂದೇ ಅವರ ಚಿಂತೆ. ಕನ್ನಡಕದ ಹುಡುಗ ಎಷ್ಟು ಕಾಫಿ ಕುಡಿದರೂ ಬಾಯಿ ಬಿಡುವಂತೆ ಕಾಣಲಿಲ್ಲ. ಅದಕ್ಕೆ ಮ್ಯಾಟ್ರಿಮೊನಿ ಸೈಟಿನಲ್ಲಿ ಅವಳ ಫೋಟೋ ಹಾಕಿಸಿದರು. ಕುಮಾರ ಪಾರ್ಕಿನ ಒಂದು ಮನೆಯವರು ಒಪ್ಪಿ, ನೋಡಲು ಬರುತ್ತೇವೆ ಎಂದು ಹೇಳಿಕಳಿಸಿದರು.

ಆ ಫೋಟೋವನ್ನು ಧೃತಿ ನೋಡಿದ್ದು ಆಮೇಲೆ. ಅದರಲ್ಲಿ ಅವಳ ಎಡಗೈ ಬಲಗೈಯ ಬಣ್ಣಕ್ಕೇ ತಿರುಗಿತ್ತು. ಸ್ಟುಡಿಯೋದವನು ಬಹಳ ಚೊಕ್ಕವಾಗಿ ಕೆಲಸ ಮಾಡಿದ್ದ. ಕಿವಿಯ ಹಿಂದಿನ ಎಲೆಯನ್ನೂ ಬಿಟ್ಟಿರಲಿಲ್ಲ.

ಅದು ಅಂಟುರೋಗವಲ್ಲ ಎಂದು ನನಗೂ ಗೊತ್ತು, ಜನಕ್ಕೆ ಗೊತ್ತಿದೆಯೇ ಎಂದರು ಅತ್ತೆ. ಮೊದಲು ಮನೆಯೊಳಗೆ ಬಂದು ನಿನ್ನ ಮಾತು ಕೇಳಲಿ, ಗುಣ ನೋಡಲಿ, ಆಮೇಲೆ ಕೈ ತಾನಾಗಿ ಒಪ್ಪಿಗೆಯಾಗುತ್ತದೆ ಎಂದರು. ಧೃತಿ ಕೂಗಾಡಲಿಲ್ಲ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಎದ್ದುಹೋದಳು.

ಭಾನುವಾರ ವಂಶಿಗೆ ಎಲ್ಲವನ್ನೂ ಹೇಳಿದಳು. ನಾಳೆ ಅವರು ಬರುತ್ತಾರೆ ಎಂಬುದನ್ನು ಎರಡು ಸಲ ಹೇಳಿದಳು. ಹೇಳಿ, ಅವನ ಬಾಯಿಂದ ಒಂದು ಮಾತು ಬರುತ್ತದೆಂದು ಕಾದಳು. ಆ ಮಾತು ಯಾವುದೆಂದು ಓದುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ. "ನಿಮ್ಮ ರೂಲ್ ಪ್ರಕಾರ, ಕಲೆ ಇದೆ ಅಂತ ಮೊದ್ಲೇ ಬರೆದುಬಿಟ್ಟಿದ್ರೆ ಆಗ್ತಿತ್ತೇನೋ," ಎಂದ.

ಧೃತಿಗೆ ಮೈಯೆಲ್ಲ ಉರಿಯಿತು.

"ಹೇಗ್ ಬರೀಬೇಕಿತ್ತು? ಬೆನ್ನು ಗಟ್ಟಿಯಿದೆ, ಪಿನ್ನು ಭದ್ರವಾಗಿದೆ, ಎಡಗೈ ಬಿಳಿ ಅಂತಾನಾ?"

"ನಾನು ಹಾಗ್ ಹೇಳ್ಲಿಲ್ಲ..."

"ಮಾರೋ ವಸ್ತುವಿಗೆ ಗಾಯ ಬರೀತೀನಿ ವಂಶಿ. ನನ್ನ ಯಾರೂ ಮಾರ್ತಿಲ್ಲ. ಇದು ಗಾಯಾನೂ ಅಲ್ಲ. ನನ್ ಕೈ ಇದು."

ಅವನು ಮೆಟ್ಟಿಲಿಳಿದು ಹೋದ. ಆ ದಿನ ಪುಸ್ತಕವನ್ನೂ ಒಯ್ಯಲಿಲ್ಲ.

ಮರುದಿನ ಬೆಳಗ್ಗೆ ಅತ್ತೆ ಉದ್ದ ತೋಳಿನ ರವಿಕೆಯನ್ನೂ ಪೌಡರ್ ಡಬ್ಬಿಯನ್ನೂ ಮಂಚದ ಮೇಲೆ ತೆಗೆದಿಟ್ಟಿದ್ದರು. ಧೃತಿ ಎರಡನ್ನೂ ಬೀರುವಿಗೆ ವಾಪಸ್ ಇಟ್ಟಳು. ಗಿಡ್ಡ ತೋಳಿನ ಹಸಿರು ರವಿಕೆ ಹಾಕಿದಳು. ಕಿವಿಯ ಹಿಂಭಾಗ ಕಾಣುವಂತೆ ತುರುಬು ಎತ್ತಿ ಕಟ್ಟಿದಳು. ಆಮೇಲೆ ಕುರ್ಚಿಗಳನ್ನೆಲ್ಲ ಎಳೆದು ಕಿಟಕಿಯ ಹತ್ತಿರ ಹಾಕಿದಳು, ಎಳೆಬಿಸಿಲು ಓರೆಯಾಗಿ ಬೀಳುವ ಜಾಗದಲ್ಲಿ.

ಬಂದವರು ಹುಡುಗ ಸಮರ್ಥ, ಅವನ ತಾಯಿ. ಧೃತಿ ಎರಡೂ ಕೈಯಲ್ಲಿ ಹಿಡಿದು ಕಾಫಿ ಕೊಟ್ಟಳು. ತಾಯಿ ಲೋಟ ತೆಗೆದುಕೊಂಡವರು ತುಟಿಯವರೆಗೆ ಒಯ್ದು, ಕೆಳಗಿಟ್ಟರು.

"ಫೋಟೋದಲ್ಲಿ ಹೀಗಿರ್ಲಿಲ್ವಲ್ಲಮ್ಮ."

ಅತ್ತೆ ಅವಸರವಾಗಿ, ಅದು ಲೈಟಿನಿಂದ ಹಾಗೆ ಬಂದಿದೆ ಎಂದು ಶುರು ಮಾಡಿದರು.

"ಲೈಟಿಂದಲ್ಲ ಅತ್ತೆ," ಎಂದಳು ಧೃತಿ. ತಾಯಿಯ ಕಡೆ ತಿರುಗಿದಳು. "ಆ ಫೋಟೋ ಸುಳ್ಳು. ಅದನ್ನ ನಂಬ್ಕೊಂಡು ಇಷ್ಟು ದೂರ ಬಂದ್ರಿ. ಫೋಟೋಗೆ ಕ್ಷಮೆ ಕೇಳ್ತೀನಿ. ಕೈಗೆ ಕೇಳಲ್ಲ."

ಹುಡುಗ ಮೊದಲ ಸಲ ತಲೆಯೆತ್ತಿ ನೋಡಿದ. ತಾಯಿ ಸುಮ್ಮನಿರದೆ ವಿಚಾರಿಸತೊಡಗಿದರು. ವಾಸಿಯಾಗುತ್ತದೆಯೇ, ಮುಂದೆ ಮಕ್ಕಳಿಗೆ ಬಂದರೆ ಏನು ಗತಿ.

"ಅದನ್ನ ಡಾಕ್ಟರ್ ಹತ್ರ ಮಾತಾಡ್ಕೋತೀನಿ," ಎಂದಳು ಧೃತಿ. "ನಿಮಗೆ ಉಪ್ಪಿಟ್ಟು ಹಾಕ್ಲಾ?"

ಉಪ್ಪಿಟ್ಟು ಹಾಕಿಸಿಕೊಳ್ಳದೆ ಅವರು ಎದ್ದರು. ಆಟೋದ ಸದ್ದು ಬೀದಿಯ ತುದಿ ದಾಟುವವರೆಗೆ ಅತ್ತೆ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಧೃತಿ ಪಕ್ಕದಲ್ಲಿ ಕುಳಿತು, ತಟ್ಟೆಗೆ ಉಪ್ಪಿಟ್ಟು ಹಾಕಿ ಅವರ ಮುಂದಿಟ್ಟಳು. ಅತ್ತೆ ಮುಖ ಒರೆಸಿಕೊಂಡು ಒಂದು ತುತ್ತು ಬಾಯಿಗಿಟ್ಟರು.

"ನಿನ್ ಮಾವ ಇದ್ದಿದ್ರೆ ಆ ಫೋಟೋ ಹಾಕಕ್ಕೇ ಬಿಡ್ತಿರ್ಲಿಲ್ಲ," ಎಂದರು. ತಮ್ಮ ಫೋನನ್ನು ಅವಳ ಮಡಿಲಿಗೆ ಹಾಕಿದರು. "ತೆಗ್ದುಹಾಕು ಅದನ್ನ."

ಆ ವಾರ ಧೃತಿ ಎಂದಿಗಿಂತ ಹೆಚ್ಚು ಫೋಟೋ ತೆಗೆದಳು. ಎಲ್ಲದರಲ್ಲೂ ಎಡಗೈಯನ್ನು ಚೌಕಟ್ಟಿನ ನಡುವಿಗೇ ತಂದಳು. ಭಾನುವಾರ ಹತ್ತಿರವಾದಂತೆ ಬೀದಿಯಲ್ಲಿ ಸ್ಕೂಟರ್ ಸದ್ದಾದರೆ ಕಿವಿ ಅತ್ತ ಹೋಗುತ್ತಿತ್ತು. ಬರದಿದ್ದರೆ ಬೇಡ ಎಂದು ಗಟ್ಟಿಯಾಗಿ ಹೇಳಿಕೊಂಡಳು. ಕೇಳಿಸಿಕೊಂಡವರು ಅತ್ತೆ ಮಾತ್ರ.

ಅವನು ಬಂದ. ಹೊಸಿಲ ಆಚೆಯೇ ನಿಂತ. ಕೈಯಲ್ಲಿ ಮೀಸೆಯ ರಾಣಿ.

"ವಾಪಸ್ ಮಾಡ್ತಿದೀರಾ?" ಎಂದಳು.

"ಇಲ್ಲ. ಧೈರ್ಯಕ್ಕೆ ಇರ್ಲಿ ಅಂತ ತಂದೆ. ಅವತ್ತು ಹೇಳ್ಬೇಕಾಗಿದ್ದು ಬೇರೆ. ಅವ್ರ ಮುಂದೆ ಕೂತ್ಕೋಬೇಡಿ ಅನ್ನಬೇಕಿತ್ತು. ಅದು ಬಾಯಿಗ್ ಬರ್ದೆ ರೂಲ್ ಮಾತಾಡ್ದೆ. ದಡ್ಡ ನಾನು."

"ಕೂತೆ. ಕೂತಿದ್ದಕ್ಕೆ ಬೇಜಾರೂ ಇಲ್ಲ."

"ಗೊತ್ತು. ನಿಮ್ಮತ್ತೆ ಅಂಗಡಿಗೆ ಬಂದಿದ್ರು. ಕನ್ನಡಕ ರಿಪೇರಿ ಅಂತ. ರಿಪೇರಿ ಏನೂ ಇರ್ಲಿಲ್ಲ."

ಧೃತಿ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಒಳಗೆ ಸೌಟಿನ ಸದ್ದು ನಿಂತಿತ್ತು.

ವಂಶಿ ಒಳಗೆ ಬಂದು ನೇರ ಕಿಟಕಿಯ ಹತ್ತಿರ ಹೋದ. ಬಿಸಿಲು ಮುಖದ ಮೇಲೆ ಬೀಳುವಂತೆ ನಿಂತು, ಗಂಟಲು ಸರಿಮಾಡಿಕೊಂಡು ಶುರು ಮಾಡಿದ. "ಬಲಗಣ್ಣು ಅಷ್ಟಕ್ಕಷ್ಟೇ. ಬೇಕಾದಾಗ ಬಾಯಿ ಬರಲ್ಲ. ಅಂಗಡಿ ಸಾಲ..."

ಅವಳು ಎಡಗೈಯಿಂದ ಅವನ ಬಾಯಿ ಮುಚ್ಚಿದಳು.

"ಅದು ಪುಸ್ತಕಕ್ಕೆ," ಎಂದಳು. "ಮನುಷ್ಯರಿಗಲ್ಲ. ನಿಂಗೂ ಅಲ್ಲ."

'ನೀವು' ಎಲ್ಲಿ ಹೋಯಿತೆಂದು ಅವಳಿಗೂ ತಿಳಿಯಲಿಲ್ಲ. ಅಂಗೈಯಡಿಯಲ್ಲಿ ಅವನ ತುಟಿ ನಗುವಿಗೆ ತಿರುಗಿದ್ದು ತಿಳಿಯಿತು. ಅವನು ಆ ಕೈಯನ್ನು ಕೆಳಗಿಳಿಸಿ, ಬಿಡದೆ ಹಿಡಿದುಕೊಂಡ.

"ಹಾಗಾದ್ರೆ ಒಂದೇ ಮಾತು. ನಾನು ನೋಡಿದ್ದೇ ನಂಗೆ ಬೇಕು ಧೃತಿ. ಬೇರೆ ಪ್ರತಿ ಬೇಡ."

ಅವಳು ಕೈ ಎಳೆದುಕೊಳ್ಳಲಿಲ್ಲ. ಬೆರಳ ಸಂದಿಗೆ ಬೆರಳು ಸೇರಿಸಿದಳು.

"ಕಾಫಿ ಆರ್ತಿದೆ," ಎಂದರು ಅತ್ತೆ ಒಳಗಿನಿಂದ. "ಆರ್ಲಿ ಬಿಡಿ, ಮತ್ತೆ ಬೆರೆಸ್ತೀನಿ."

ಆ ಬೆಳಗ್ಗೆ ಫೋಟೋ ತೆಗೆಯಬೇಕಿದ್ದ ಪುಸ್ತಕದ ನಡುವಿನ ಹಾಳೆ ಉದ್ದಕ್ಕೂ ಸೀಳಿತ್ತು. ಒಂದು ಅಂಚನ್ನು ಅವಳ ಎಡಗೈ ಹಿಡಿಯಿತು, ಇನ್ನೊಂದನ್ನು ಅವನ ಬಲಗೈ. ಸೀಳು ಬಿಸಿಲಿನಲ್ಲಿ ನಿಚ್ಚಳವಾಗಿ ಕಂಡಿತು. ಗಾಯವನ್ನೆಲ್ಲ ಬರೆದು ಗ್ರೂಪಿಗೆ ಹಾಕಿದಳು.

ಸ್ವಲ್ಪ ಹೊತ್ತಿಗೆ ಯಾರೋ ಕೇಳಿದರು. ಸೀಳು ಗೊತ್ತಾಯ್ತು ಗಾಯದ ಮೇಡಂ, ಆ ಇನ್ನೊಂದು ಕೈ ಯಾರದು?

ಅವನು ಅವಳ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಂತೆಯೇ ಧೃತಿ ಟೈಪ್ ಮಾಡಿದಳು: "ಪುಸ್ತಕ ಮಾತ್ರ ಮಾರಾಟಕ್ಕಿದೆ. ಕೈಗಳು ಈ ಮನೆಯವು."