ನೆಲ ತಟ್ಟಿದ ಸದ್ದು

ಅವನ ಮುಷ್ಟಿ ಅವಳ ಕೆನ್ನೆಯ ಹತ್ತಿರಕ್ಕೆ ಬಂದು ನಿಂತಿತು. ನಡುವೆ ಒಂದು ಹೆಬ್ಬೆರಳು ತೂರುವಷ್ಟು ಜಾಗ ಉಳಿದಿತ್ತು.

ಆದರೂ ಅವಳು ಹಿಂದಕ್ಕೆ ಹಾರಿ, ಗೋಡೆಗೆ ಬಡಿದು, ಕುಸಿದು ಬಿದ್ದಳು. ಅಲ್ಲಾಡಲಿಲ್ಲ!

ತಾಲೀಮಿನ ಕೋಣೆಯಲ್ಲಿ ಕೋಲು ತಿರುಗಿಸುತ್ತಿದ್ದವರು, ಹಗ್ಗ ಹತ್ತುತ್ತಿದ್ದವರು ಎಲ್ಲರೂ ಇದ್ದಲ್ಲೇ ನಿಂತರು.

"ಅಯ್ಯಯ್ಯೋ... ತಾಗಿಬಿಡ್ತಾ? ಯಾರಾದ್ರೂ ನೀರು ತನ್ರೋ!"

ಮುಷ್ಟಿ ಬೀಸಿದ್ದ ಫೈಟ್ ಮಾಸ್ಟರ್, ಎಲ್ಲರೂ ಮಾಸ್ಟರ್ ಎಂದೇ ಕರೆಯುವವನು, ಮಂಡಿಯೂರಿ ಅವಳ ತಲೆಯನ್ನು ಎತ್ತಿ ಹಿಡಿದ.

ಅವಳು ಒಂದೇ ಒಂದು ಕಣ್ಣು ತೆರೆದಳು.

"ಕೆಲಸ ಸಿಕ್ತಾ ಮಾಸ್ಟರ್?"

ಕೋಣೆಯೆಲ್ಲ ಗೊಳ್ಳೆಂದಿತು. ಅವನು ಮಾತ್ರ ನಗಲಿಲ್ಲ. ಮುಖದಲ್ಲಿ ರಕ್ತವೇ ಇರಲಿಲ್ಲ.

"ನೋಡಮ್ಮಾ, ನಿಜವಾದ ನೋವು ಯಾವುದು, ನಟನೆ ಯಾವುದು ಅಂತ ನನಗೇ ಗೊತ್ತಾಗ್ಲಿಲ್ಲ. ಇವತ್ತಿಂದ ಒಂದು ನಿಯಮ. ನಿಜವಾಗ್ಲೂ ಪೆಟ್ಟಾದ್ರೆ ಅಂಗೈಯಿಂದ ಎರಡು ಸಲ ನೆಲ ತಟ್ಟು. ಪ್ರಪಂಚ ಮುಳುಗಿಹೋಗ್ತಿದ್ರೂ ನಾನು ಕಟ್ ಹೇಳ್ತೀನಿ. ಆಯ್ತಾ?"

"ಆಯ್ತು. ಅಂದ್ರೆ ಕೆಲಸ ಸಿಕ್ತು ಅಂತ ಅರ್ಥ, ಅಲ್ವಾ?"

ಈಗ ಅವನೂ ನಕ್ಕ.

ಗಾಳಿಯಲ್ಲಿ ಸುತ್ತಿ ಸುತ್ತಿ ಬೀಳುವ ಅವಳಿಗೆ ಅವನೇ 'ಬುಗುರಿ' ಎಂದು ಹೆಸರಿಟ್ಟ. ನಾಯಕಿಯರು ಮೇಕಪ್ ಕೋಣೆಯಲ್ಲಿ ಕೂತಿರುವಾಗ ಅವರ ಉಡುಪು ತೊಟ್ಟು ಕಾರಿನ ಮೇಲಿಂದ, ಛಾವಣಿಯ ಮೇಲಿಂದ, ಓಡುವ ಕುದುರೆಯ ಮೇಲಿಂದ ಅವಳು ಬಿದ್ದಳು. ಅವಳ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಒಬ್ಬನಿಗೆ ಕಾಣುತ್ತಿತ್ತು. ಅಷ್ಟು ಸಾಕಾಗಿತ್ತು ಅವಳಿಗೆ.

ಅವನೂ ಏಟು ತಿಂದೇ ಮೇಲೆ ಬಂದವನು. ಮೊದಲು ಖಳನಾಯಕನ ಹಿಂದೆ ನಿಂತು ಒದೆ ತಿನ್ನುವ ಗುಂಪಿನಲ್ಲಿ ಒಬ್ಬ, ಆಮೇಲೆ ಫೈಟ್ ಮಾಸ್ಟರ್. ಕೊನೆಗೊಬ್ಬ ನಿರ್ಮಾಪಕ ಅವನನ್ನು ನಂಬಿ ಒಂದು ಸಿನಿಮಾ ಕೊಟ್ಟ. ಕಥೆ ಅವನದು, ಹೊಡೆದಾಟ ಅವನದು, ನಿರ್ದೇಶಕನ ಕುರ್ಚಿಯೂ ಅವನದು!

"ಈ ಪಿಕ್ಚರ್ ಗೆದ್ರೆ ನಿಮ್ಮಮ್ಮನ ಹತ್ರ ಬಂದು ಮಾತಾಡ್ತೀನಿ," ಎಂದಿದ್ದ.

"ಸೋತ್ರೆ?"

"ಸೋತ್ರೂ ಬರ್ತೀನಿ. ಹಿಂದಿನ ಬಾಗಿಲಿಂದ."

ಆದರೆ ಅವನು ಗೆಲುವಿಗೂ ಕಾಯಲಿಲ್ಲ, ಸೋಲಿಗೂ ಕಾಯಲಿಲ್ಲ. ಚಿತ್ರೀಕರಣ ಇನ್ನೂ ನಡೆಯುತ್ತಿರುವಾಗಲೇ ಒಂದು ಸಾಯಂಕಾಲ ಅವಳ ಮನೆಯ ಬಾಗಿಲಲ್ಲಿ ನಿಂತಿದ್ದ.

"ನಾಳೆಯ ಶಾಟ್ ವಿಷಯ ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ..."

"ಶಾಟ್ ಎಲ್ಲಿಗೂ ಓಡಿಹೋಗೋದಿಲ್ಲ. ಮೊದಲು ಒಳಗೆ ಬಂದು ಕೂತ್ಕೊಳಪ್ಪಾ," ಎಂದಳು ಅಮ್ಮ. ಹೊಲಿಗೆ ಯಂತ್ರವನ್ನು ಬದಿಗೆ ಸರಿಸಿ, ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ಎತ್ತಿ ಜಾಗ ಮಾಡಿದಳು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವನನ್ನು ಅಳತೆ ತೆಗೆದುಕೊಳ್ಳುವಂತೆ ನೋಡಿದಳು.

"ಹೊಡೆದಾಡೋದು ಹೇಳಿಕೊಡೋನಂತೆ ನೀನು. ನಾಳೆ ಮನೇಲಿ ಜಗಳ ಆದ್ರೆ ನನ್ನ ಮಗಳು ಏನು ಮಾಡ್ಬೇಕು?"

"ನಿಮ್ಮ ಮಗಳು ಕೈ ಎತ್ತಿದ್ರೆ ನಾನೇನು ಮಾಡ್ಬೇಕು ಅಂತಲೂ ಹೇಳಿಬಿಡಿ ಅಮ್ಮಾ."

ಅಮ್ಮ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. "ಆಯ್ತು ಬಿಡು. ನನಗೆ ಒಪ್ಪಿಗೆ."

ಆಹಾ, ಆ ಸಂಜೆ! ಬುಗುರಿ ಅಡುಗೆಮನೆಯ ಗೋಡೆಗೆ ಒರಗಿ ನಿಂತು ಎರಡು ಕೈಯಲ್ಲಿಯೂ ಬಾಯಿ ಮುಚ್ಚಿಕೊಂಡಿದ್ದಳು. ಇಷ್ಟು ಸಂತೋಷ ಒಬ್ಬಳಿಗೇ ಸಿಗಬಹುದೇ ಎಂದು ಅವಳಿಗೆ ಭಯವಾಗಿತ್ತು.

ಮರುದಿನ ಬೆಳಿಗ್ಗೆ ಅವಳು ಮಹಡಿಯ ಕಟಕಟೆಯಿಂದ ಬಿದ್ದಳು.

ಕೆಳಗೆ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ ಹಾಸಿಗೆ ಹಾಕಿದ್ದರು. ಗಾಳಿಯಲ್ಲಿ ಅವಳ ಸುತ್ತು ಕೂದಲೆಳೆಯಷ್ಟು ಹೆಚ್ಚಾಯಿತು. ಹಾಸಿಗೆಯ ಅಂಚಿಗೆ ತಾಗಿ, ಜಾರಿ, ಸೊಂಟ ಕಾಂಕ್ರೀಟಿಗೆ ಬಡಿಯಿತು. ಒಳಗೆ ಏನೋ ಮುರಿದ ಸದ್ದು ಅವಳಿಗೇ ಕೇಳಿಸಿತು.

ಕೂಗಲು ಉಸಿರಿಲ್ಲ. ಕಷ್ಟಪಟ್ಟು ಕೈ ಎತ್ತಿ ನೆಲ ತಟ್ಟಿದಳು. ಎರಡು ಸಲ.

ಕಟ್ ಬರಲಿಲ್ಲ.

'ನೋಡಲಿಲ್ಲವೇನೋ...' ಮತ್ತೆ ತಟ್ಟಿದಳು. ತಲೆ ಹೊರಳಿಸಿ ನೋಡಿದರೆ ಅವನು ಕ್ಯಾಮೆರಾದ ಪಕ್ಕದಲ್ಲೇ ನಿಂತಿದ್ದಾನೆ. ಕಣ್ಣು ಅವಳ ಮೇಲೆಯೇ ಇದೆ. ಆ ಕಣ್ಣಲ್ಲಿ ಹೊಳಪು!

ಕ್ಯಾಮೆರಾ ಓಡುತ್ತಲೇ ಇತ್ತು. ಕೊನೆಗೂ ಅವನ ದನಿ ಕೇಳಿಸಿತು. "ಕಟ್! ಭೇಷ್!" ಜೊತೆಗೆ ಅವನ ಚಪ್ಪಾಳೆ.

ಅವಳು ಪ್ರಜ್ಞೆ ತಪ್ಪುವ ಮೊದಲು ಕೇಳಿಸಿಕೊಂಡದ್ದು ಆ ಚಪ್ಪಾಳೆಯನ್ನೇ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅವನು ದಿನಗಟ್ಟಲೆ ನಿಂತಿದ್ದ. ಒಳಗೆ ಮಂಚದ ಮೇಲಿದ್ದವಳು ಅಮ್ಮನಿಗೆ ಒಂದೇ ಮಾತು ಹೇಳಿದ್ದಳು. "ಆ ಮನುಷ್ಯ ನನ್ನ ಕಣ್ಣಿಗೆ ಬೀಳಬಾರದು."

ಯಾಕೆ ಎಂದು ಅವನಿಗೆ ಹೇಳಲಿಲ್ಲ. ನೋಡಿದವನಿಗೆ ಮತ್ತೇನು ಹೇಳುವುದು?

ಸಿನಿಮಾ ಗೆದ್ದಿತು. ಆ ಶಾಟ್ ಬಂದಾಗ ಥಿಯೇಟರಿನಲ್ಲಿ ಶಿಳ್ಳೆ ನಿಲ್ಲುತ್ತಿರಲಿಲ್ಲವಂತೆ. ಅವಳು ಆಗ ಗೋಡೆ ಹಿಡಿದು ಮಂಚದಿಂದ ಕಿಟಕಿಯವರೆಗೆ ನಡೆಯಲು ಕಲಿಯುತ್ತಿದ್ದಳು.

'ನನ್ನ ಸೊಂಟ ಮುರಿದದ್ದಕ್ಕೆ ಊರೆಲ್ಲ ಚಪ್ಪಾಳೆ...'

ವರ್ಷಗಳು ಉರುಳಿದವು. ಬೀಳಲು ಆಗದವಳು ಬೀಳುವ ಸದ್ದು ಮಾಡುವ ಕೆಲಸ ಹಿಡಿದಳು. ಸಿನಿಮಾಗಳಿಗೆ ಸದ್ದು ಸೇರಿಸುವ ಸ್ಟುಡಿಯೋದಲ್ಲಿ ಪರದೆಯನ್ನು ನೋಡುತ್ತ ಮರಳು ಚೀಲ ಎತ್ತಿ ಹಾಕುವುದು, ಹಸಿ ಬಟ್ಟೆಯನ್ನು ಕಲ್ಲಿಗೆ ಬಡಿಯುವುದು, ಹಳೆಯ ಚರ್ಮದ ಚೀಲಕ್ಕೆ ಗುದ್ದುವುದು. ಅಮ್ಮ ತೀರಿಕೊಂಡ ಮೇಲೆ ಮನೆಗೆ ಹೋಗುವ ಅವಸರವೂ ಇರಲಿಲ್ಲ. ಮಧ್ಯಾಹ್ನದ ಊಟದ ಡಬ್ಬಿಯನ್ನೂ ಅವಳು ಆ ಮರಳು ಚೀಲದ ಮೇಲೆ ಕೂತೇ ಬಿಚ್ಚುತ್ತಿದ್ದಳು.

ಒಂದು ಮಧ್ಯಾಹ್ನ ರೆಕಾರ್ಡಿಸ್ಟ್ ಹೊಸ ಸಿನಿಮಾದ ಹೊಡೆದಾಟವನ್ನು ಪರದೆಗೆ ಹಾಕಿದ. ಒಬ್ಬ ಛಾವಣಿಯಿಂದ ಹಾರುತ್ತಾನೆ. ಮೈ ನೆಲಕ್ಕೆ ತಾಗುವಷ್ಟರಲ್ಲಿ ಶಾಟ್ ಮುಗಿದುಹೋಗುತ್ತದೆ. ಇನ್ನೊಬ್ಬ ಮೆಟ್ಟಿಲಿಂದ ಉರುಳುತ್ತಾನೆ. ಅದೂ ಅಷ್ಟೇ.

"ಯಾರಪ್ಪಾ ಇವನು ಡೈರೆಕ್ಟರ್?" ಎಂದಳು ಅವಳು, ಎತ್ತಿದ ಚೀಲವನ್ನು ಕೆಳಗಿಡುತ್ತ. "ಯಾರಾದ್ರೂ ಬೀಳೋ ಮುಂಚೆನೇ ಕಟ್ ಅಂದು ಓಡಿಹೋಗ್ತಾನೆ! ಸದ್ದು ಎಲ್ಲಿ ಹಾಕ್ಲಿ, ಇವನ ತಲೆ ಮೇಲಾ?"

ರೆಕಾರ್ಡಿಸ್ಟ್ ನಕ್ಕ. "ಅಕ್ಕಾ, ಇವರ ಸೆಟ್‌ನಲ್ಲಿ ಯಾರಾದ್ರೂ ಸೀನಿದ್ರೂ ಕಟ್ ಅಂತಾರಂತೆ. ಮೊದಲ ಪಿಕ್ಚರ್ ಒಂದೇ ಓಡಿದ್ದು. ಆಮೇಲಿನದೆಲ್ಲ ಜನ ನಗಾಡಿದ್ರು. ಇದೇ ಕೊನೇದಂತೆ, ಇನ್ಯಾರೂ ಕೆಲಸ ಕೊಡಲ್ಲ ಅಂತಿದಾರೆ..."

ಅವನ ಮಾತು ಅಲ್ಲಿಗೇ ನಿಂತಿತು. ಬಾಗಿಲಲ್ಲಿ ಯಾರೋ ಬಂದು ನಿಂತಿದ್ದರು.

"ನಾನೇ ಆ ಡೈರೆಕ್ಟರ್," ಎಂದಿತು ಒಂದು ದನಿ.

ಆ ದನಿ!

ಅವಳು ತಿರುಗಲಿಲ್ಲ. ಎದುರಿನ ಗಾಜಿನಲ್ಲಿ ಅವನ ಪ್ರತಿಬಿಂಬ ಕಂಡಿತು. ಕೂದಲು ನರೆತಿದೆ. ಭುಜ ಇಳಿದಿದೆ. ಅಂಗಿಯ ಕಾಲರ್ ಸವೆದಿದೆ. ಎದೆ ಡವಡವ ಎಂದಿತು. ಹಾಳು ಎದೆ... ಅದಕ್ಕೆ ನಾಚಿಕೆಯೇ ಇಲ್ಲ!

"ಬುಗುರಿ... ನೀನು ಇಲ್ಲಿ..."

"ಹೆಸರು ಹಿಡಿದು ಕರೀಬೇಡಿ. ಯಾಕೆ ಮಾಸ್ಟರ್, ಇನ್ನೊಂದು ಗಳಿಗೆ ಕ್ಯಾಮೆರಾ ಓಡಿಸೋಕಾಗ್ಲಿಲ್ವಾ? ಒಂದು ಕಾಲದಲ್ಲಿ ಚೆನ್ನಾಗಿ ಓಡಿಸ್ತಿದ್ರಿ!"

"ಆವತ್ತಿನಿಂದ ಆಗ್ತಿಲ್ಲ. ಯಾರೇ ಮೇಲಿಂದ ಹಾರಿದ್ರೂ ನನಗೆ ನೀನೇ ಕಾಣ್ತೀಯ. ಬಾಯಿ ತಾನಾಗೇ ಕಟ್ ಅನ್ನುತ್ತೆ."

"ಆವತ್ತು ಯಾಕೆ ಅನ್ನಲಿಲ್ಲ?" ಅವಳು ತಿರುಗಿಯೇ ಬಿಟ್ಟಳು. "ನಾನು ನೆಲ ತಟ್ಟಿದೆ! ಒಂದು ಸಲ ಅಲ್ಲ, ಮತ್ತೆ ಮತ್ತೆ ತಟ್ಟಿದೆ. ನೀವು ನೋಡ್ತಿದ್ರಿ. ನೋಡಿಲ್ಲ ಅಂತ ಮಾತ್ರ ಹೇಳ್ಬೇಡಿ!"

"ನೋಡಿದೆ."

ಅವಳ ಕೈ ಮೇಜಿನ ಅಂಚನ್ನು ಹುಡುಕಿತು.

"ನೋಡಿದೆ. ಸೊಂಟ ಮುರಿದಿದ್ರೂ ನನ್ನ ಶಾಟ್ ಕೆಡಬಾರದು ಅಂತ ಕೊನೇವರೆಗೂ ತಟ್ಟಿದಳಲ್ಲ ಅಂತ... ಆಸ್ಪತ್ರೇಲಿ ಗೊತ್ತಾದಾಗಿಂದ ಅದೇ ಕೊರಗಲ್ಲಿ ಸಾಯ್ತಿದೀನಿ. ನಿನ್ನ ಮೈ ಕೊಟ್ಟು ಮಾಡಿದ ಕೆಲಸ, ಕಿತ್ತುಹಾಕೋಕೆ ಮನಸ್ಸು ಬರಲಿಲ್ಲ. ಪಿಕ್ಚರ್‌ನಲ್ಲಿ ಹಾಗೇ ಇಟ್ಟೆ."

"ಶಾಟ್‌ಗೋಸ್ಕರ ತಟ್ಟಿದ್ದಾ? ನಾನಾ?"

"ಹಿಂದಿನ ದಿನ ಹೀರೋಯಿನ್‌ದು ಬಿದ್ದ ಮೇಲಿನ ಕ್ಲೋಸ್-ಅಪ್ ತೆಗೆದಿದ್ವಲ್ಲ. ಅತ್ತು ಅತ್ತು ತಾನಾಗೇ ನೆಲ ತಟ್ಟಿದ್ಲು. ಚೆನ್ನಾಗಿತ್ತು, ಇಟ್ಕೊಂಡೆ. ಅದಕ್ಕೆ ಸರಿಹೋಗೋ ಹಾಗೆ ಮರುದಿನ ನೀನೂ ತಟ್ಟಬೇಕಿತ್ತು. ನಿಜವಾಗ್ಲೂ ಪೆಟ್ಟಾದ್ರೆ ಈ ಸಲ ಕಾಲು ಎತ್ತು ಅಂತ ನಿನಗೆ ಹೇಳಿದ್ದೆನಲ್ಲ!"

"ಯಾವಾಗ ಹೇಳಿದ್ರಿ?"

"ಆ ಸಾಯಂಕಾಲ. ನಿಮ್ಮ ಮನೆಗೆ ಬಂದಿದ್ದೇ ಅದನ್ನ ಹೇಳೋಕೆ..."

"ಹೇಳೋಕೆ ಬಂದಿದ್ರಿ," ಎಂದಳು ಅವಳು. ದನಿ ತೀರಾ ಸಣ್ಣದಾಗಿತ್ತು. "ಹೇಳಿದ್ರಾ ಮಾಸ್ಟರ್?"

ಅವನು ಆ ಸಾಯಂಕಾಲವನ್ನು ಮೊದಲಿನಿಂದ ನೆನೆದ.

ಅಮ್ಮ ಕುರ್ಚಿ ಸರಿಸಿದ್ದಳು. ಚಹಾ ಬಂದಿತ್ತು. ಒಪ್ಪಿಗೆ ಸಿಕ್ಕಿತ್ತು. ಅವನು ಗಾಳಿಯಲ್ಲಿ ತೇಲುತ್ತ ಬೀದಿಗಿಳಿದಿದ್ದ. ಶಾಟ್ ವಿಷಯ... ಹೇಳಿರಲೇ ಇಲ್ಲ.

ರೆಕಾರ್ಡಿಸ್ಟ್ ಸದ್ದಿಲ್ಲದೆ ಎದ್ದು ಹೊರಗೆ ಹೋದ.

ಮಾಸ್ಟರ್ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಅಳುವುದನ್ನೂ ಯಾರೋ ಅವನಿಂದ ಕಿತ್ತುಕೊಂಡಂತಿತ್ತು.

ಅವಳು ನೋಡುತ್ತ ನಿಂತಳು. ಇಷ್ಟು ವರ್ಷ ಅವಳು ದ್ವೇಷವನ್ನೇ ಊರುಗೋಲು ಮಾಡಿಕೊಂಡು ನಡೆದವಳು. ಇವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು! ಈಗ ಯಾರನ್ನು ಬೈಯುವುದು? ಅವಳ ಬದುಕಿನ ಅತಿ ಸುಖದ ಸಂಜೆಯೇ ಅವಳ ಸೊಂಟ ಮುರಿದಿತ್ತು. ಅಡುಗೆಮನೆಯಲ್ಲಿ ಬಾಯಿ ಮುಚ್ಚಿಕೊಂಡು ನಗುವ ಬದಲು ಹೊರಗೆ ಬಂದು 'ಶಾಟ್ ವಿಷಯ ಏನು?' ಎಂದು ತಾನೂ ಕೇಳಬಹುದಿತ್ತು. ಕೇಳಿರಲಿಲ್ಲ.

"ಅಮ್ಮ ಹೋಗಿಬಿಟ್ಟಳು," ಎಂದಳು ಕೊನೆಗೆ. "ನೀವು ಕಟುಕ ಅಂತ ಅಂದ್ಕೊಂಡೇ ಹೋದಳು. ಅವಳಿಗೆ ಇದನ್ನ ಹೇಗೆ ಹೇಳ್ಲಿ ಈಗ?"

ಕೆಳಗಿಟ್ಟಿದ್ದ ಮರಳು ಚೀಲವನ್ನು ಅವಳು ಬದಿಗೆ ಸರಿಸಿದಳು.

"ನಾನಾದ್ರೂ ಒಂದು ಸಲ ನಿಮ್ಮನ್ನ ಒಳಗೆ ಬಿಟ್ಟು ಬೈದಿದ್ರೆ... ಆವತ್ತೇ ಗೊತ್ತಾಗ್ತಿತ್ತು."

"ಬೇಡ ಬುಗುರಿ. ನಿನ್ನ ಮೇಲೆ ಹಾಕ್ಕೋಬೇಡ. ಕ್ಷಮಿಸು ಅಂತ ಕೇಳೋಕೂ ನನಗೆ ಬಾಯಿ ಬರ್ತಿಲ್ಲ."

"ಕೇಳ್ಬೇಡಿ. ನನ್ನ ಹತ್ರ ಈಗ ಕೊಡೋಕೆ ಏನೂ ಇಲ್ಲ."

ಪರದೆಯ ಮೇಲೆ ಅರ್ಧ ಬಿದ್ದ ಮನುಷ್ಯ ಗಾಳಿಯಲ್ಲಿ ನಿಂತಿದ್ದ. ಅವಳು ಅದನ್ನು ಆರಿಸಿದಳು.

"ಈ ಪಿಕ್ಚರ್ ಓಡುತ್ತಾ?"

"ಇಲ್ಲ."

"ಗೊತ್ತಿದ್ದೂ ಮಾಡಿದ್ರಾ?"

"ಬೇರೆ ಏನೂ ಬರಲ್ಲ ನನಗೆ."

"ಸದ್ದು ನಾನೇ ಹಾಕ್ತೀನಿ. ಬೇರೆಯವರಿಗೆ ಕೊಡ್ಬೇಡಿ." ಆಮೇಲೆ ಕೇಳಿದಳು. "ಮದುವೆ ಆಗಿದೀರಾ?"

"ಯಾರನ್ನ ಆಗ್ಲಿ?" ಎಂದ. "ಪ್ರೀತಿ ಗೀತಿ ಅಂತ ಹೇಳೋ ಮುಖ ನನಗಿಲ್ಲ..."

"ಮುಖ ಇಲ್ದಿದ್ರೆ ಇಲ್ಲ. ಹೇಳಿ."

"ಇದೆ ಕಣೇ. ಒಂದು ದಿನವೂ ಹೋಗಿಲ್ಲ."

ಅವಳು ಕಣ್ಣು ಮುಚ್ಚಿಕೊಂಡಳು. "ನನ್ನದೂ ಹೋಗ್ಲಿಲ್ಲ. ದ್ವೇಷ ಮಾಡ್ತಿದೀನಿ ಅಂದ್ಕೊಂಡಾಗ್ಲೂ ಹೋಗ್ಲಿಲ್ಲ. ಅದೇ ನನ್ನ ಸಂಕಟ."

ಸ್ಟುಡಿಯೋ ಇದ್ದದ್ದು ಮೇಲಿನ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ. ಮನೆಗೆ ಹೊರಟ ಅವಳು ಮೆಟ್ಟಿಲ ಕಂಬಿ ಹಿಡಿದು, ಒಂದು ಕಾಲು ಇಳಿಸಿ, ಇನ್ನೊಂದನ್ನು ಅದರ ಪಕ್ಕಕ್ಕೆ ಎಳೆದುಕೊಂಡಳು. ಅವನು ಕೈ ಚಾಚಿದ.

"ಹಿಡ್ಕೋಬೇಡಿ. ಪಕ್ಕದಲ್ಲಿದ್ರೆ ಸಾಕು. ನಾನು ತುಂಬಾ ನಿಧಾನ."

"ಆಗ್ಲಿ. ನನಗೆ ಹೋಗೋಕೆ ಬೇರೆ ಜಾಗ ಇಲ್ಲ."

ಅರ್ಧ ದಾರಿಯಲ್ಲಿ ಅವಳು ನಿಂತಳು. ಹಣೆಯ ಮೇಲೆ ಬೆವರು ಮೂಡಿತ್ತು.

"ನೋವಾಗ್ತಿದೆಯಾ?"

ಯಾರೇ ಕೇಳಿದರೂ 'ಇಲ್ಲ' ಎಂದು ನಗುವುದು ಅವಳಿಗೆ ರೂಢಿಯಾಗಿತ್ತು. ಈಗ ನಗಲಿಲ್ಲ.

"ಆಗ್ತಿದೆ. ತುಂಬಾ ಆಗ್ತಿದೆ."

ಅವನು ತನ್ನ ಕೋಟು ಬಿಚ್ಚಿ ಮೆಟ್ಟಿಲ ಮೇಲೆ ಹಾಸಿದ. ಅವಳು ಮೆಲ್ಲನೆ ಕೂತಳು. ಅವನೂ ಕೂತ, ಅವಳಿಗೆ ತಾಗದಷ್ಟು ದೂರದಲ್ಲಿ.

"ಇನ್ನೂ ಸ್ವಲ್ಪ ಹತ್ರ ಬನ್ನಿ," ಎಂದಳು ಅವಳು.

"ನಿನಗೆ ತಾಗಿಬಿಟ್ರೆ?"

"ಹೇಳ್ತೀನಿ," ಎಂದಳು. "ಈ ಸಲ ಬಾಯಿಬಿಟ್ಟೇ ಹೇಳ್ತೀನಿ. ಬನ್ನಿ."