ಉಪ್ಪು ನುಗ್ಗಿದ ಗದ್ದೆ

"ಕಟ್ಟು ನಿನ್ನ ಗಂಟು! ಈ ಮನೆ ಅನ್ನದ ಋಣ ನಿನಗೆ ಮುಗೀತು!"

ಅತ್ತೆ ಸೊಸೆಯ ಸೀರೆಗಳನ್ನು ಒಂದೊಂದಾಗಿ ಅಂಗಳಕ್ಕೆ ಎಸೆಯುತ್ತಿದ್ದರು. ಸೊಸೆ ಅಳುತ್ತಲೇ ಮಡಿಸುತ್ತಿದ್ದಳು...

"ಅಮ್ಮಾ, ಒಂದು ಮಾತು ಕೇಳು..." ಮಗ ಅಡ್ಡ ಬಂದ.

"ಬಾಯಿ ಮುಚ್ಚು, ಹೆಂಡತಿ ಬಾಲವೇ! ಮೂರು ತಲೆಮಾರಿನ ಗದ್ದೆಗೆ ಉಪ್ಪು ಕುಡಿಸಿದಳಲ್ಲೋ ಇವಳು!"

ಗದ್ದೆಯ ಪಕ್ಕದ ನದಿಗೆ ಸಮುದ್ರ ತೀರಾ ಹತ್ತಿರ. ಕರೆಯದ ನೆಂಟನ ಹಾಗೆ ದಿನಕ್ಕೆರಡು ಸಲ ಸಮುದ್ರದ ನೀರು ನದಿಯೊಳಗೆ ಏರಿ ಬರುತ್ತಿತ್ತು. ಅತ್ತೆಯ ಅತ್ತೆಯ ಕಾಲದವರು ತಲೆಯ ಮೇಲೆ ಕೆಸರು ಹೊತ್ತು, ಕಟ್ಟೆ ಹಾಕಿ, ನದಿಯ ಕೈಯಿಂದ ಈ ಭತ್ತದ ಗದ್ದೆಯನ್ನು ಬಿಡಿಸಿಕೊಂಡಿದ್ದರಂತೆ. ಕಟ್ಟೆಗೊಂದು ತೂಬು, ತೂಬಿಗೊಂದು ಹಲಗೆ. ಉಬ್ಬರ ಮೊದಲು ತಳ್ಳಿಕೊಂಡು ಬರುವುದು ನದಿಯ ಸಿಹಿನೀರನ್ನೇ. ಅದನ್ನು ಒಳಗೆ ಬಿಟ್ಟುಕೊಂಡು, ಬೆನ್ನ ಹಿಂದೆ ಉಪ್ಪು ಬರುವಷ್ಟರಲ್ಲಿ ಹಲಗೆ ಇಳಿಸಬೇಕು. ನೀರಿನ ರುಚಿ ನೋಡಿ ಹೇಳುವ ಹಕ್ಕು ಮನೆಯ ಹಿರಿಯ ಹೆಂಗಸಿನದು. ಮೊನ್ನೆ ಅತ್ತೆ ಒಂದು ಬೊಗಸೆ ಕುಡಿದು, "ಸಿಹಿ ಇದೆ, ಎತ್ತು" ಎಂದು ಸೊಸೆಗೆ ಹೇಳಿ ಮನೆಗೆ ನಡೆದಿದ್ದರು. ಇಂದು ಎಳೆಯ ಪೈರಿನ ತುದಿಯೆಲ್ಲ ಸುಟ್ಟಂತಾಗಿತ್ತು! "ಇಳಿಸೋಕೆ ಮರೆತೆ ಅತ್ತೆ" ಎಂದಿದ್ದಳು ಸೊಸೆ. ಅಷ್ಟೇ.

"ಇಲ್ಲಿ ಬಾರೇ!" ಗದ್ದೆಯಿಂದ ಮಾವ ಕೂಗಿದರು. "ಉಪ್ಪು ಇನ್ನೂ ನಿಂತೇ ಇದೆ, ಥೂ!"

ಅತ್ತೆ ಓಡಿದರು. ಪೈರಿನ ಬುಡದ ನೀರನ್ನು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡರು. ಇನ್ನೊಮ್ಮೆ ಹಾಕಿಕೊಂಡರು. ಅವರ ಮುಖ ಬಿಳಿಚಿತು... ಗಂಡ ಉಪ್ಪೆಂದು ಉಗುಳಿದ ಅದೇ ನೀರು ಅವರ ನಾಲಿಗೆಗೆ ಸಿಹಿ!

ಅವರು ಅಂಗಳಕ್ಕೆ ಮರಳಿ ಸೊಸೆಯ ಮುಂದೆ ಕುಳಿತರು.

"ನಿಜ ಹೇಳು ಮಗಳೇ... ಹಲಗೆ ಎತ್ತೋ ಮೊದಲೇ ನೀರು ಉಪ್ಪಾಗಿತ್ತಾ?"

ಸೊಸೆ ತಲೆ ತಗ್ಗಿಸಿ ಇನ್ನೊಂದು ಸೀರೆ ಮಡಿಸತೊಡಗಿದಳು.

"ಹೇಳೇ!"

"ನೀವು ಹೋದ ಮೇಲೆ ಹಲಗೆ ಎತ್ತಿ, ಒಳಗೆ ಬಂದ ನೀರನ್ನ ಬಾಯಿಗೆ ಹಾಕ್ಕೊಂಡೆ ಅತ್ತೆ, ಉಪ್ಪಿತ್ತು. ತಕ್ಷಣ ಇಳಿಸಿದೆ, ಅಷ್ಟರಲ್ಲಿ ನುಗ್ಗಿಬಿಟ್ಟಿತ್ತು. ಊರೆಲ್ಲ ನಿಮ್ಮನ್ನ ಕೇಳಿ ಹಲಗೆ ಎತ್ತುತ್ತೆ... ಹೊಸಬಳು ನಾನು, ನಾಲ್ಕು ಮಾತು ಅನ್ನಿಸ್ಕೊಂಡ್ರೆ ಏನು ಹೋಯ್ತು ಅಂದ್ಕೊಂಡೆ."

"ಅಯ್ಯೋ ಹುಚ್ಚಿ! ನನ್ನ ಮಾನ ಉಳಿಸೋಕೆ ನಿನ್ನ ಮನೆ ಕಳ್ಕೋತಿದ್ಯಲ್ಲೇ!" ಅತ್ತೆ ಅವಳನ್ನು ಅಪ್ಪಿಕೊಂಡು ಗಳಗಳನೆ ಅತ್ತರು.

"ಅಳೋದೆಲ್ಲ ಆಮೇಲೆ," ಎಂದರು ಹಿಂದೆಯೇ ಬಂದ ಮಾವ, "ಕಣ್ಣೀರೂ ಉಪ್ಪೇ. ಈಗ ಗದ್ದೆ ತೊಳೀಬೇಕು."

ಇಳಿತದಲ್ಲಿ ಉಪ್ಪುನೀರನ್ನೆಲ್ಲ ಹೊರಗೆ ಬಿಟ್ಟು, ಮೇಲಿನ ಹೊಂಡದ ಸಿಹಿನೀರು ಹರಿಸಿ, ಮತ್ತೆ ಬಿಟ್ಟು, ಮತ್ತೆ ಹರಿಸಿದರು. ಕೆಲವು ದಿನಗಳಲ್ಲಿ ಸುಟ್ಟ ತುದಿಗಳ ನಡುವಿನಿಂದ ಹಸಿರು ಸುಳಿ ಇಣುಕಿತು. ಮೂಲೆಯ ಒಂದು ಮಡಿ ಹೋಯಿತು, ಉಳಿದದ್ದು ಬದುಕಿತು!

ಮತ್ತೆ ಹಲಗೆ ಎತ್ತಿದ ದಿನ, ಉಬ್ಬರ ಏರುತ್ತಿದ್ದಾಗ ಅತ್ತೆ, ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗಲೇ, ಸೊಸೆಯನ್ನು ತೂಬಿನ ಮುಂದೆ ನಿಲ್ಲಿಸಿದರು. ಸೊಸೆ ನೀರು ಬಾಯಿಗೆ ಹಾಕಿಕೊಂಡು ಅನುಮಾನಿಸಿದಳು.

"ಜೋರಾಗಿ ಹೇಳು, ಎಲ್ಲರಿಗೂ ಕೇಳಲಿ."

"ಉಪ್ಪು ಬಂತು, ಅತ್ತೆ."

ಅತ್ತೆ ಮರುಮಾತಾಡದೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಹಲಗೆ ಇಳಿಸಿದರು.